ಟರ್ಬೊ ಕೂರಿಸುವ ಮುನ್ನ

ಸ್ಪೋರ್ಟ್ಸ್ ಕಾರಿನ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಜೋಡಿಸುವ ಮುನ್ನ ಆ ಎಂಜಿನ್ನನ್ನು ಯಾವ ಲೆಕ್ಕದ ಮೇಲೆ, ಯಾವ ಕ್ರಮದಲ್ಲಿ ಕಟ್ಟಬೇಕು ಎಂಬುದು ಇಂದಿನ ಭಾಷಣದ ವಿಷಯ.

ರಾಯಚೂರು ಜಿಲ್ಲೆಯ ಗೊರೇಬಾಳದ ಸುತ್ತಣ ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದಲ್ಲಿ ಟರ್ಬೊ ಹೊಸ ಹೆಸರಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆಯುವ ಈ ಸೀಮೆಯಲ್ಲಿ ಭತ್ತ ಕೊಯ್ಯುವ ಹಾರ್ವೆಸ್ಟರುಗಳು, ದೊಡ್ಡ ಟ್ರ್ಯಾಕ್ಟರುಗಳು, ಮೂಟೆ ಸಾಗಿಸುವ ಲಾರಿಗಳು ಹೀಗೆ ನಿತ್ಯ ಕಣ್ಣಿಗೆ ಬೀಳುವ ಅನೇಕ ವಾಹನಗಳಲ್ಲಿ ಟರ್ಬೊ ಇರುವ ಡೀಸೆಲ್ ಎಂಜಿನ್ನುಗಳೇ ಇವೆ. ಅವುಗಳನ್ನು ಬಿಚ್ಚಿ ಜೋಡಿಸುವ ಮೆಕ್ಯಾನಿಕರೂ ಇಲ್ಲಿದ್ದಾರೆ. ಆದರೆ ಡೀಸೆಲ್ ಎಂಜಿನ್ನಿನಿಂದ ಬಂದ ಈ ಪರಿಚಯವನ್ನು ಪೆಟ್ರೋಲ್ ಕಾರಿಗೆ ಹಾಗೆಯೇ ಅನ್ವಯಿಸಿದರೆ ಎಂಜಿನ್ ಕೆಡುತ್ತದೆ. ಏಕೆ ಕೆಡುತ್ತದೆ ಎಂಬುದನ್ನು ಮೊದಲು ತಿಳಿಯುವುದು ಅಗತ್ಯ.

ಎಂಜಿನ್ನಿನ ಶಕ್ತಿ ಅದು ಸೇದಿಕೊಳ್ಳುವ ಗಾಳಿಯನ್ನು ಅವಲಂಬಿಸಿದೆ. ನಾಲ್ಕು ಸಿಲಿಂಡರುಗಳ, 1600 ಸಿಸಿಯ ಪೆಟ್ರೋಲ್ ಎಂಜಿನ್ನೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ನಿಮಿಷಕ್ಕೆ 6,000 ಸುತ್ತು ತಿರುಗುವಾಗ ನಿಮಿಷಕ್ಕೆ ಸುಮಾರು ನಾಲ್ಕೂವರೆ ಕಿಲೋ ಗಾಳಿಯನ್ನು ಒಳಗೆಳೆದು, ಸುಮಾರು 100 ಅಶ್ವಶಕ್ತಿ ಕೊಡುತ್ತದೆ. ಇನ್ನೂ ಹೆಚ್ಚು ಗಾಳಿಯನ್ನು ಒತ್ತಿ ಒಳಗೆ ತುಂಬಿದರೆ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸುಟ್ಟು, ಅದೇ ಎಂಜಿನ್ನಿನಿಂದ ಹೆಚ್ಚು ಶಕ್ತಿ ಪಡೆಯಬಹುದು. ಗಾಳಿ ಒತ್ತುವ ಪಂಪನ್ನು ಕ್ರ್ಯಾಂಕಿನಿಂದ ಬೆಲ್ಟ್ ಅಥವಾ ಗಿಯರ್ ಮೂಲಕ ತಿರುಗಿಸಿದರೆ ಅದು ಸೂಪರ್‌ಚಾರ್ಜರ್. ಸೈಲೆನ್ಸರಿನ ಕಡೆ ಹೋಗುವ ಹೊಗೆಯ ರಭಸದಿಂದ ತಿರುಗಿಸಿದರೆ ಅದು ಟರ್ಬೊ.

ಈ ವಿದ್ಯೆ ಹಳೆಯದು. ಗಾಳಿಯನ್ನು ಒತ್ತಿ ತುಂಬುವ ಉಪಾಯಕ್ಕೆ ಜರ್ಮನಿಯ ಗಾಟ್ಲೀಬ್ ಡೈಮ್ಲರ್ 1885ರಲ್ಲೇ ಪೇಟೆಂಟ್ ಪಡೆದಿದ್ದರು. ಹೊಗೆಯ ಬಲದಿಂದ ಪಂಪು ತಿರುಗಿಸುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದರು. ಕರ್ನಾಟಕದಲ್ಲಿ ಇದರ ಹಳೆಯ ಉದಾಹರಣೆ ವಿಮಾನಗಳಲ್ಲಿ ಸಿಗುತ್ತದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿತ್ರಪಕ್ಷದ ವಿಮಾನಗಳ ದುರಸ್ತಿ ಕೇಂದ್ರವಾಗಿತ್ತು. ಅಲ್ಲಿಗೆ ಬರುತ್ತಿದ್ದ ಕ್ಯಾಟಲೀನಾ ವಿಮಾನಗಳ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ನುಗಳಲ್ಲಿ ಗಿಯರಿನಿಂದ ತಿರುಗುವ ಸೂಪರ್‌ಚಾರ್ಜರ್ ಎಂಜಿನ್ನಿನ ಅಂಗವಾಗಿಯೇ ಇತ್ತು. ಮೇಲೆ ಹೋದಂತೆ ತೆಳುವಾಗುವ ಗಾಳಿಯ ಕೊರತೆಯನ್ನು ಅದು ತುಂಬುತ್ತಿತ್ತು. ಪಿಸ್ಟನ್, ಕ್ರ್ಯಾಂಕ್, ಇಂಧನ ಎಲ್ಲವನ್ನೂ ಅದಕ್ಕೆ ಹೊಂದುವಂತೆಯೇ ಆರಿಸಲಾಗಿತ್ತು.

ಇಷ್ಟರ ಸಾರ ಇದು: ಹೆಚ್ಚು ಗಾಳಿ ಎಂದರೆ ಹೆಚ್ಚು ಶಕ್ತಿ. ಹಾಗಿದ್ದ ಮೇಲೆ ಡೀಸೆಲ್ಲಿಗೆ ಒಗ್ಗುವುದು ಪೆಟ್ರೋಲಿಗೆ ಏಕೆ ಒಗ್ಗದು? ಡೀಸೆಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಒತ್ತಲ್ಪಡುವುದು ಬರೀ ಗಾಳಿ. ಒತ್ತುವಿಕೆ ಮುಗಿಯುವ ಹೊತ್ತಿಗೆ ನಾಜಲ್ ಮೂಲಕ ಡೀಸೆಲ್ ಒಳಗೆ ಬಂದು, ಬಂದಂತೆಲ್ಲ ಉರಿಯುತ್ತದೆ. ಅಕಾಲದಲ್ಲಿ ಹೊತ್ತಿಕೊಳ್ಳಲು ಅಲ್ಲಿ ಇಂಧನವೇ ಇರುವುದಿಲ್ಲವಾದ್ದರಿಂದ ಹೆಚ್ಚಿನ ಗಾಳಿ ಉಪಕಾರವನ್ನೇ ಮಾಡುತ್ತದೆ. ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಾದರೋ ಗಾಳಿ ಮತ್ತು ಪೆಟ್ರೋಲ್ ಮೊದಲೇ ಬೆರೆತು, ಒಟ್ಟಿಗೆ ಒತ್ತಲ್ಪಟ್ಟು, ಪ್ಲಗ್ಗಿನ ಕಿಡಿಗಾಗಿ ಕಾಯುತ್ತವೆ. ಒತ್ತಡ ಮತ್ತು ಶಾಖ ಮಿತಿಮೀರಿದರೆ, ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಇದನ್ನೇ ನಾಕಿಂಗ್ ಎನ್ನುತ್ತಾರೆ. ಹೊರಗೆ ಕೇಳುವುದು ಲೋಹ ಬಡಿದಂಥ ಸಣ್ಣ ಟಕಟಕ ಸದ್ದು ಮಾತ್ರ. ಒಳಗೆ ಪಿಸ್ಟನ್ನಿನ ಅಂಚು ಕರಗುತ್ತಿರುತ್ತದೆ, ರಿಂಗ್ ಕೂರುವ ತೋಡಿನ ಅಂಚು ಒಡೆಯುತ್ತಿರುತ್ತದೆ. ಬಿಚ್ಚಿ ನೋಡಿದ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕೆಗಳು, ನಡುವೆ ಮಿನುಗುವ ಅಲ್ಯೂಮಿನಿಯಮ್ ಕಣಗಳು ಕಂಡರೆ ಅವು ಪಿಸ್ಟನ್ನಿನಿಂದಲೇ ಬಂದವು ಎಂದು ತಿಳಿಯಬೇಕು.

ಈ ಅಪಾಯವನ್ನು ಎದುರಿಸುವ ಎರಡು ದಾರಿಗಳನ್ನು ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 1962ರಲ್ಲಿ ಒಟ್ಟಿಗೇ ಪ್ರಯೋಗಿಸಿತು. ಆ ಸಂಸ್ಥೆಯ ಓಲ್ಡ್ಸ್‌ಮೊಬೈಲ್ ವಿಭಾಗದ ಜೆಟ್‌ಫೈರ್ ಕಾರಿನಲ್ಲಿ ಸಂಪೀಡನ ಅನುಪಾತವನ್ನು, ಅಂದರೆ ಮಿಶ್ರಣವನ್ನು ಎಷ್ಟು ಪಟ್ಟು ಕುಗ್ಗಿಸಲಾಗುತ್ತದೆ ಎಂಬ ಪ್ರಮಾಣವನ್ನು, 10ಕ್ಕಿಂತ ಮೇಲೆಯೇ ಉಳಿಸಿಕೊಂಡು, ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಸಿಂಪಡಿಸುವ ಏರ್ಪಾಡು ಮಾಡಲಾಗಿತ್ತು. ಆ ದ್ರವದ ತೊಟ್ಟಿಯನ್ನು ಮಾಲೀಕ ಆಗಾಗ ತುಂಬಿಸಬೇಕಿತ್ತು. ಅನೇಕರು ತುಂಬಿಸಲಿಲ್ಲ, ಕಾರು ಸೊರಗಿತು, 1963ಕ್ಕೆ ಅದರ ತಯಾರಿಕೆ ನಿಂತಿತು. ಅದೇ ಸಂಸ್ಥೆಯ ಷೆವ್ರೊಲೆ ವಿಭಾಗ ಕಾರ್ವೇರ್ ಕಾರಿನ ಎಂಜಿನ್ನಿಗೆ ಟರ್ಬೊ ಕೂರಿಸುವಾಗ ಸಂಪೀಡನ ಅನುಪಾತವನ್ನು 8ಕ್ಕೆ ಇಳಿಸಿ, ಕ್ರ್ಯಾಂಕ್ ಮುಂತಾದ ಒಳಭಾಗಗಳನ್ನು ಇನ್ನಷ್ಟು ಗಟ್ಟಿ ಲೋಹದಲ್ಲಿ ಮಾಡಿತು. ಆ ಟರ್ಬೊ 1966ರವರೆಗೆ ಮಾರಾಟದಲ್ಲಿತ್ತು. ಮೊದಲನೆಯದರಲ್ಲಿ ಎಂಜಿನ್ನಿನ ಕ್ಷೇಮ ಮಾಲೀಕನ ನೆನಪಿನ ಮೇಲೆ ನಿಂತಿತ್ತು. ಎರಡನೆಯದರಲ್ಲಿ ಎಂಜಿನ್ನಿನ ರಚನೆಯ ಮೇಲೆಯೇ ನಿಂತಿತ್ತು.

ಇದುವರೆಗೆ ತಿಳಿದದ್ದು: ಪೆಟ್ರೋಲ್ ಎಂಜಿನ್ನಿಗೆ ಗಾಳಿ ತುಂಬುವುದಕ್ಕಿಂತ ನಾಕಿಂಗ್ ಆಗದಂತೆ ತುಂಬುವುದೇ ಕಷ್ಟದ ಕೆಲಸ. ಕಾಲುವೆಗೆ ನೀರು ಬರುವ ಮುನ್ನ ಬದು, ತೂಬು ನೋಡಿಕೊಳ್ಳುವ ರೈತನಂತೆ, ಒತ್ತಡ ಬರುವ ಮುನ್ನವೇ ಎಂಜಿನ್ನನ್ನು ಅಣಿಗೊಳಿಸಬೇಕು. ಯೋಜನೆಯ ಮೊದಲ ಹೆಜ್ಜೆ ಗುರಿ ನಿರ್ಧಾರ.

ಗುರಿ ಎಂದರೆ ಎಷ್ಟು ಅಶ್ವಶಕ್ತಿ, ಎಷ್ಟು ಸುತ್ತಿನಲ್ಲಿ, ಯಾವ ಬಳಕೆಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ. ಮೇಲೆ ಹೇಳಿದ 100 ಅಶ್ವಶಕ್ತಿಯ ಎಂಜಿನ್ನಿನಿಂದ 140 ಬೇಕೆಂದರೆ ಗಾಳಿಯೂ ಶೇಕಡಾ 40ರಷ್ಟು ಹೆಚ್ಚಬೇಕು. ಇಲ್ಲಿ ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದ ಈ ಭಾಗದಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇಕಡಾ 5ರಷ್ಟು ಕಡಿಮೆ. ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗ ಗಾಳಿ ಇನ್ನೂ ತೆಳುವಾಗುತ್ತದೆ. ತಂಪು ದೇಶದ ಕಡಲತೀರದಲ್ಲಿ ಅಳೆದ ಶಕ್ತಿಯಲ್ಲಿ ಶೇಕಡಾ 12ರಷ್ಟು ಇಲ್ಲಿನ ಬೇಸಿಗೆಯಲ್ಲಿ ಹಾಗೆಯೇ ಕಳೆದುಹೋಗುತ್ತದೆ. ಆದಕಾರಣ ಹೊರದೇಶದ ಟರ್ಬೊ ಕಿಟ್ಟಿನ ಮೇಲೆ ಅಚ್ಚಾದ ಅಂಕಿಯನ್ನು ಗುರಿಯಾಗಿಟ್ಟುಕೊಳ್ಳದೆ, ಇಲ್ಲಿನ ಮೇ ತಿಂಗಳಿಗೆ ಒಗ್ಗುವ ಅಂಕಿಯನ್ನು ಇಟ್ಟುಕೊಳ್ಳುವುದು ವಿವೇಕ.

ಗುರಿಯ ಜೊತೆಗೆ ಎಂಜಿನ್ನಿನ ಈಗಿನ ಸ್ಥಿತಿಯನ್ನೂ ಪರೀಕ್ಷಿಸಬೇಕು. ಪ್ಲಗ್ಗಿನ ರಂಧ್ರಕ್ಕೆ ಕಂಪ್ರೆಷನ್ ಗೇಜ್ ಹಾಕಿ ಪ್ರತಿ ಸಿಲಿಂಡರಿನ ಒತ್ತಡ ಅಳೆದಾಗ, ಒಂದಕ್ಕೂ ಇನ್ನೊಂದಕ್ಕೂ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅಂಥ ಎಂಜಿನ್ನಿಗೆ ಮೊದಲು ಬೇಕಾದದ್ದು ದುರಸ್ತಿ.

ಗುರಿ ನಿಶ್ಚಯವಾಯಿತು. ಎರಡನೆಯದು ಇಂಧನ. ನಾಕಿಂಗ್ ತಡೆಯುವ ಪೆಟ್ರೋಲಿನ ಗುಣವನ್ನು ಆಕ್ಟೇನ್ ಸಂಖ್ಯೆಯಿಂದ ಅಳೆಯುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ತಾಳಿಕೆ ಹೆಚ್ಚು. ಭಾರತದಲ್ಲಿ ಬಿಎಸ್-6 ಮಾನದಂಡ ಬಂದಾಗ ಸಾಮಾನ್ಯ ಪೆಟ್ರೋಲಿಗೆ ಕನಿಷ್ಠ 91, ಪ್ರೀಮಿಯಂ ಪೆಟ್ರೋಲಿಗೆ 95 ಎಂದು ನಿಗದಿಯಾಗಿತ್ತು. ಇಂಡಿಯನ್ ಆಯಿಲ್ ಸಂಸ್ಥೆ 2020ರ ಡಿಸೆಂಬರಿನಲ್ಲಿ 100 ಆಕ್ಟೇನಿನ ಪೆಟ್ರೋಲನ್ನು ಬಿಡುಗಡೆ ಮಾಡಿತಾದರೂ ಅದು ಮೊದಲು ಬಂದದ್ದು ದೊಡ್ಡ ನಗರಗಳಿಗೆ. ನೂರಾರು ಕಿಲೋಮೀಟರ್ ದೂರದಲ್ಲಿ ಸಿಗುವ ಪೆಟ್ರೋಲನ್ನು ನಂಬಿ ಎಂಜಿನ್ ಕಟ್ಟಿದರೆ, ಜೆಟ್‌ಫೈರ್ ಕಾರಿನ ತೊಟ್ಟಿಯ ಕಥೆಯೇ ಮರುಕಳಿಸುತ್ತದೆ. ಕಾರು ದಿನವೂ ಓಡುವ ದಾರಿಯ ಬಂಕಿನಲ್ಲಿ ಸಿಗುವ ಪೆಟ್ರೋಲೇ ಯೋಜನೆಯ ಆಧಾರವಾಗಬೇಕು.

ಇದರ ಜೊತೆಗೆ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಧನ ಸಮಾವೇಶದಲ್ಲಿ ಪ್ರಧಾನಿಯವರು ಬಿಡುಗಡೆ ಮಾಡಿದ ಮೇಲೆ ಲೆಕ್ಕ ಸ್ವಲ್ಪ ಬದಲಾಗಿದೆ. ಎಥನಾಲ್ ನಾಕಿಂಗ್ ತಡೆಯುತ್ತದೆ, ಆವಿಯಾಗುವಾಗ ಗಾಳಿಯನ್ನು ತಂಪು ಮಾಡುತ್ತದೆ. ಈ ಎರಡೂ ಟರ್ಬೊಗೆ ಅನುಕೂಲವೇ. ಆದರೆ ಎಥನಾಲಿನಲ್ಲಿ ಅಡಗಿರುವ ಶಾಖ ಪೆಟ್ರೋಲಿನ ಮೂರನೆಯ ಎರಡು ಪಾಲಿನಷ್ಟೇ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ, ಈ ಮಿಶ್ರಣಕ್ಕೆ ಸುಮಾರು 13.5 ಕಿಲೋ ಸಾಕು. ಎಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಕೊಡಬೇಕು. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಟ್ಯಾಂಕಿಗೆ ತುಕ್ಕು ಹಿಡಿಯದಂತೆ, ರಬ್ಬರ್ ಪೈಪು ಹಾಳಾಗದಂತೆ ನೋಡಿಕೊಳ್ಳುವುದೂ ಯೋಜನೆಯ ಭಾಗವೇ.

ಗುರಿ, ಇಂಧನ ಎರಡೂ ಗೊತ್ತಾದವು. ಮೂರನೆಯದು ಸಂಪೀಡನ ಅನುಪಾತ. ಟರ್ಬೊ ಇಲ್ಲದ ಇಂದಿನ ಅನೇಕ ಕಾರುಗಳಲ್ಲಿ ಇದು 10ರಿಂದ 11ರವರೆಗೆ ಇರುತ್ತದೆ. ಹೊರಗಿನಿಂದ ಟರ್ಬೊ ಜೋಡಿಸುವ, ಪೆಟ್ರೋಲನ್ನು ಸಿಲಿಂಡರಿನ ಹೊರಗೇ ಸಿಂಪಡಿಸುವ ಎಂಜಿನ್ನಿಗೆ ಇದು 9ರ ಆಸುಪಾಸಿಗೆ ಇಳಿಯುವುದು ಒಳ್ಳೆಯದು. ಈ ಇಳಿಕೆ ಎಷ್ಟು ಸೂಕ್ಷ್ಮವಾದದ್ದು ಎಂಬುದನ್ನು ಲೆಕ್ಕ ತೋರಿಸುತ್ತದೆ. 1600 ಸಿಸಿ ಎಂದರೆ ಪ್ರತಿ ಸಿಲಿಂಡರಿಗೆ 400 ಸಿಸಿ. ಅನುಪಾತ ಹತ್ತೂವರೆ ಇರುವಾಗ ಪಿಸ್ಟನ್ ಮೇಲೆ ಬಂದು ನಿಂತಾಗ ಉಳಿಯುವ ಜಾಗ ಸುಮಾರು 42 ಸಿಸಿ. ಅನುಪಾತ 9 ಆಗಬೇಕಾದರೆ ಅದು 50 ಸಿಸಿ ಆಗಬೇಕು. ವ್ಯತ್ಯಾಸ ಒಂದೂವರೆ ಚಮಚೆಯಷ್ಟೇ.

ಈ ಜಾಗದ ಮುಖ್ಯ ಭಾಗವಾದ ಹೆಡ್ಡಿನ ಕುಳಿಯನ್ನು ಅಳೆಯುವ ಕ್ರಮವೂ ಗಮನಾರ್ಹ. ಬಿಚ್ಚಿ ತೊಳೆದ ಹೆಡ್ಡನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಪ್ಲಗ್ ಬಿಗಿದು, ವಾಲ್ವುಗಳನ್ನು ಅವುಗಳ ಸೀಟಿನಲ್ಲಿ ಕೂರಿಸಿ, ಕುಳಿಯ ಸುತ್ತ ತೆಳುವಾಗಿ ಗ್ರೀಸ್ ಸವರಿ, ನಡುವೆ ತೂತಿರುವ ದಪ್ಪ ಗಾಜಿನ ಹಲಗೆಯನ್ನು ಅದರ ಮೇಲೆ ಒತ್ತುತ್ತಾರೆ. ಶಾಲೆಯ ಪ್ರಯೋಗಾಲಯದಲ್ಲಿ ಇರುವಂಥ ಬ್ಯೂರೆಟ್ಟಿನಿಂದ ಬಣ್ಣ ಬೆರೆಸಿದ ದ್ರವವನ್ನು ಆ ತೂತಿನ ಮೂಲಕ ಹನಿಹನಿಯಾಗಿ ಬಿಡುತ್ತಾರೆ. ಗಾಜಿನ ಕೆಳಗಿನ ಕೊನೆಯ ಗುಳ್ಳೆ ಹೋಗುವ ಹೊತ್ತಿಗೆ ಬ್ಯೂರೆಟ್ಟಿನಿಂದ ಎಷ್ಟು ಇಳಿದಿದೆಯೋ ಅಷ್ಟೇ ಆ ಕುಳಿಯ ಗಾತ್ರ. ನಾಲ್ಕೂ ಕುಳಿಗಳಲ್ಲಿ ಅಳತೆ ಒಂದೇ ಬರಬೇಕು. ಅಂಕಿ ಕೈಗೆ ಬಂದ ಮೇಲೆ, ತಲೆಯಲ್ಲಿ ತಗ್ಗಿರುವ ಪಿಸ್ಟನ್ ಹಾಕುವುದೇ ಅನುಪಾತ ಇಳಿಸುವ ಸರಿಯಾದ ಕ್ರಮ. ಅಗ್ಗವೆಂದು ಹೆಡ್ ಗ್ಯಾಸ್ಕೆಟ್ಟನ್ನು ದಪ್ಪ ಮಾಡಿದರೆ ಪಿಸ್ಟನ್ ಮತ್ತು ಹೆಡ್ಡಿನ ಅಂಚಿನ ನಡುವಿನ ಕಿರಿದಾದ ಸಂದು ಅಗಲವಾಗಿ, ಮಿಶ್ರಣ ಸರಿಯಾಗಿ ಕದಡದೆ, ತಪ್ಪಿಸಬೇಕೆಂದ ನಾಕಿಂಗೇ ಹತ್ತಿರ ಬರುತ್ತದೆ.

ಗುರಿ, ಇಂಧನ, ಅನುಪಾತ ಈ ಮೂರರ ಮೇಲೆ ನಾಲ್ಕನೆಯದು ನಿಲ್ಲುತ್ತದೆ. ಅದು ಒಳಭಾಗಗಳ ಬಲ. 80 ಮಿಲಿಮೀಟರ್ ಬೋರಿನ, ಅಂದರೆ ಸಿಲಿಂಡರಿನ ಒಳವ್ಯಾಸದ, ಪಿಸ್ಟನ್ನಿನ ಮೇಲೆ ಮೊದಲು ಮೂರೂವರೆ ಟನ್ ಭಾರ ಬೀಳುತ್ತಿದ್ದರೆ, ಟರ್ಬೊ ಬಂದ ಮೇಲೆ ಅದು ನಾಲ್ಕೂವರೆ ಟನ್ ಆಗಬಹುದು. 6,000 ಸುತ್ತಿನಲ್ಲಿ ಈ ಭಾರ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 50 ಸಲ ಬೀಳುತ್ತದೆ. ಅಚ್ಚಿಗೆ ಎರಕ ಹೊಯ್ದ ಸಾಧಾರಣ ಪಿಸ್ಟನ್ನಿಗಿಂತ, ಬಡಿದು ರೂಪಿಸಿದ ಫೋರ್ಜ್ಡ್ ಪಿಸ್ಟನ್ ಈ ಹೊಡೆತವನ್ನು ಚೆನ್ನಾಗಿ ತಾಳುತ್ತದೆ. ಅದು ಬಿಸಿಗೆ ಹೆಚ್ಚು ಹಿಗ್ಗುವುದರಿಂದ ಬೋರಿಂಗ್ ಮಾಡುವಾಗ ತಯಾರಕರು ಹೇಳಿದ ಸಂದನ್ನೇ ಬಿಡಬೇಕು. ಪಿಸ್ಟನ್ ಕೈಗೆ ಬರುವ ಮೊದಲೇ ಬ್ಲಾಕನ್ನು ಲೇತಿಗೆ ಕಳುಹಿಸಿದರೆ ಆ ಅಳತೆ ತಪ್ಪುವುದು ಖಚಿತ.

ರಿಂಗಿನ ತುದಿಗಳ ನಡುವಿನ ಸಂದೂ ಹಾಗೆಯೇ. ಇದೇ ಬೋರಿಗೆ ಸಾಮಾನ್ಯವಾಗಿ 0.3 ಮಿಲಿಮೀಟರ್ ಸಾಕಾದರೆ, ಟರ್ಬೊ ಎಂಜಿನ್ನಿನ ಮೇಲಿನ ರಿಂಗಿಗೆ 0.45ರ ಹತ್ತಿರ ಬೇಕಾಗುತ್ತದೆ. ಸಂದು ಸಾಲದೆ ಹೋದರೆ ಬಿಸಿಗೆ ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ತಾಗಿ, ಪಿಸ್ಟನ್ನಿನ ತೋಡಿನ ಅಂಚನ್ನೇ ಮುರಿಯುತ್ತವೆ. ಕನೆಕ್ಟಿಂಗ್ ರಾಡಿನ ವಿಷಯದಲ್ಲಿ ಒಂದು ಭೇದವನ್ನು ಅರಿಯಬೇಕು: ಗಾಳಿಯ ಒತ್ತಡ ರಾಡನ್ನು ಅದುಮುತ್ತದೆ, ಸುತ್ತಿನ ವೇಗ ರಾಡನ್ನು ಜಗ್ಗುತ್ತದೆ. 6,000 ಸುತ್ತನ್ನು 7,000ಕ್ಕೆ ಏರಿಸಿದರೆ ಜಗ್ಗುವ ಬಲ ಮೂರನೆಯ ಒಂದು ಪಾಲಿಗೂ ಮೀರಿ ಹೆಚ್ಚುತ್ತದೆ. ಟರ್ಬೊ ಹಾಕಿದ ಮೇಲೆ ಸುತ್ತು ಏರಿಸದಿರುವುದೇ ರಾಡಿಗೂ ಅದರ ಬೋಲ್ಟಿಗೂ ಕ್ಷೇಮ.

ಬಲದ ನಂತರ ಐದನೆಯದಾಗಿ ಶಾಖ. ಒತ್ತಿದ ಗಾಳಿ ಕಾಯುತ್ತದೆ. ಹೊರಗಿನ 40 ಡಿಗ್ರಿಯ ಗಾಳಿಯನ್ನು ಟರ್ಬೊ ಒಂದೂವರೆ ಪಟ್ಟು ಒತ್ತಿದರೆ ಅದು ಸುಮಾರು 95 ಡಿಗ್ರಿಗೆ ಏರುತ್ತದೆ. ಕಾದ ಗಾಳಿ ಹಿಗ್ಗುವುದರಿಂದ, ಶೇಕಡಾ 50 ಹೆಚ್ಚು ಬಂದೀತೆಂದು ಕಾದವರಿಗೆ ಸಿಗುವುದು ಶೇಕಡಾ 28ರಷ್ಟು ಮಾತ್ರ. ನಡುವೆ ಇಂಟರ್‌ಕೂಲರ್, ಅಂದರೆ ಗಾಳಿ ತಂಪಾಗಿಸುವ ಜಾಲರಿ, ಇಟ್ಟು ಅದನ್ನು 55 ಡಿಗ್ರಿಗೆ ಇಳಿಸಿದರೆ ಶೇಕಡಾ 43ರಷ್ಟು ಹೆಚ್ಚು ಗಾಳಿ ಸಿಗುತ್ತದೆ. 140 ಅಶ್ವಶಕ್ತಿಯ ಗುರಿ ಈಡೇರುವುದು ಆಗ ಮಾತ್ರ. ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ ಇಂಟರ್‌ಕೂಲರ್ ಅಲಂಕಾರದ ವಸ್ತುವಲ್ಲ. ಅದನ್ನು ರೇಡಿಯೇಟರಿನ ಮುಂದೆ ಇಟ್ಟಾಗ ರೇಡಿಯೇಟರಿಗೆ ಬಿಸಿ ಗಾಳಿ ತಾಗುವುದರಿಂದ ಅದನ್ನೂ ದೊಡ್ಡದು ಮಾಡಬೇಕಾಗುತ್ತದೆ.

ಟರ್ಬೊದ ಒಳಗಿನ ಶಾಫ್ಟು ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಅದರ ಒಂದು ತುದಿಯಲ್ಲಿ 800ರಿಂದ 900 ಡಿಗ್ರಿಯ ಹೊಗೆ, ಇನ್ನೊಂದು ತುದಿಯಲ್ಲಿ ಒಳಬರುವ ಗಾಳಿ. ನಡುವೆ ಅದನ್ನು ಹೊತ್ತಿರುವುದು ಆಯಿಲ್ಲಿನ ತೆಳುಪದರ. ಶುದ್ಧ ಆಯಿಲ್ ಬರುವ ದಾರಿಯಷ್ಟೇ ಅದು ಸಲೀಸಾಗಿ ಕೆಳಗಿಳಿದು ಹೋಗುವ ದಾರಿಯೂ ಮುಖ್ಯ. ವೇಗವಾಗಿ ಓಡಿಸಿ ನಿಲ್ಲಿಸಿದ ಕೂಡಲೇ ಎಂಜಿನ್ ಆರಿಸಬಾರದು ಎಂಬುದನ್ನು ಹಾರ್ವೆಸ್ಟರ್ ಚಾಲಕರು ಬಲ್ಲರು. ಕಾರಿಗೂ ಅದೇ ನಿಯಮ. ಕೊಯ್ಲಿನ ದಿನಗಳ ಹೊಟ್ಟು, ದೂಳು ತುಂಬಿದ ಗಾಳಿಯಲ್ಲಿ ಏರ್ ಫಿಲ್ಟರನ್ನು ತೆಗೆದು ಓಡಿಸುವ ರೂಢಿ ಟರ್ಬೊದ ರೆಕ್ಕೆಗಳನ್ನು ಸವೆಸಿಬಿಡುತ್ತದೆ.

ಆರನೆಯದು ಇಂಧನ ಪೂರೈಕೆ ಮತ್ತು ಕಿಡಿಯ ಸಮಯ. 140 ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರ್ ಪೆಟ್ರೋಲ್ ಬೇಕು. ನಾಲ್ಕು ಇಂಜೆಕ್ಟರುಗಳಿಗೆ ಹಂಚಿದರೆ ತಲಾ 190 ಮಿಲಿಲೀಟರ್. ಇಂಜೆಕ್ಟರನ್ನು ಅದರ ಶಕ್ತಿಯ ಶೇಕಡಾ 80ಕ್ಕಿಂತ ಹೆಚ್ಚು ದುಡಿಸಬಾರದಾದ್ದರಿಂದ 240 ಮಿಲಿಲೀಟರಿನವನ್ನು ಆರಿಸಬೇಕು. ಪಂಪು, ಪೈಪು, ಫಿಲ್ಟರು ಅದಕ್ಕೆ ಹೊಂದಬೇಕು. ಒತ್ತಡ ಏರಿದಂತೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಬೇಕು, ಕಿಡಿ ತುಸು ತಡವಾಗಿ ಬೀಳಬೇಕು. ಇದನ್ನು ನಿಭಾಯಿಸುವ ಕಂಪ್ಯೂಟರನ್ನು ಹೊಂದಿಸುವ ಕೆಲಸ ರಸ್ತೆಯ ಮೇಲೆ ಅಂದಾಜಿನಿಂದ ಆಗುವುದಲ್ಲ. ಚಕ್ರಗಳನ್ನು ರೋಲರಿನ ಮೇಲೆ ತಿರುಗಿಸಿ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತ ಆಗಬೇಕು. ಅದರ ಖರ್ಚನ್ನು ಮೊದಲ ದಿನವೇ ತೆಗೆದಿಡಬೇಕು.

ಇಲ್ಲಿಯವರೆಗೆ ಎಂಜಿನ್ನಿನ ಮಾತಾಯಿತು. ಕೊನೆಯದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಸಾರ್ವಜನಿಕ ರಸ್ತೆಯ ಕಾರಿಗೆ ಟರ್ಬೊ ಕೂರಿಸುವವರು ಮೊದಲು ಸಾರಿಗೆ ಕಚೇರಿಯನ್ನೂ ವಿಮಾ ಸಂಸ್ಥೆಯನ್ನೂ ವಿಚಾರಿಸಬೇಕು. ವೇಗದ ಹಂಬಲಕ್ಕೆ ಸರಿಯಾದ ಜಾಗ ಸ್ಪರ್ಧೆಯ ಅಂಕಣ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿಯಂಥ ಸ್ಪರ್ಧೆಗಳಲ್ಲಿ ಯಾವ ವರ್ಗಕ್ಕೆ ಎಂಥ ಎಂಜಿನ್ ಎಂಬ ನಿಯಮಗಳಿರುತ್ತವೆ. ಎಂಜಿನ್ ಬಿಚ್ಚುವ ಮೊದಲೇ ಆ ನಿಯಮಗಳನ್ನು ಓದಿಕೊಂಡರೆ, ಕಟ್ಟಿದ ಎಂಜಿನ್ ಯಾವ ವರ್ಗಕ್ಕೂ ಸಲ್ಲದೆ ಉಳಿಯುವ ನಷ್ಟ ತಪ್ಪುತ್ತದೆ.

ಶ್ರೋತೃಗಳೇ, ಕ್ರಮವನ್ನು ಇನ್ನೊಮ್ಮೆ ಹೇಳಿ ಮುಗಿಸುವುದು ಉಚಿತ. ಗುರಿ, ಇಂಧನ, ಸಂಪೀಡನ ಅನುಪಾತ, ಒಳಭಾಗಗಳ ಬಲ, ಶಾಖ, ಇಂಧನ ಪೂರೈಕೆ ಮತ್ತು ಕಿಡಿ, ಕಾನೂನು. ಈ ಏಳನ್ನೂ ಒಂದು ಹಾಳೆಯ ಮೇಲೆ ಬರೆದು, ಪ್ರತಿಯೊಂದರ ಮುಂದೆ ಅಳತೆ ಮತ್ತು ಖರ್ಚನ್ನು ತುಂಬಿಸಬೇಕು. ಒಂದು ಸಾಲು ಖಾಲಿ ಉಳಿದರೂ ಎಂಜಿನ್ನನ್ನು ಇದ್ದಂತೆಯೇ ಬಿಡುವುದು ಲೇಸು. ಏಳೂ ತುಂಬಿದ ಮೇಲಷ್ಟೇ ಟರ್ಬೊ ಖರೀದಿಗೆ ಹೊರಡಬೇಕು. ಯಾವ ಅಳತೆಯ ಟರ್ಬೊ ಬೇಕು ಎಂಬುದು ಆಗ ಆ ಹಾಳೆಯಿಂದಲೇ ಗೊತ್ತಾಗುತ್ತದೆ.